ಹಳೇ ಮನೆಗೆ ಎಂಟು ಪಾಲು, ಅಡುಗೆಮನೆ ಒಂದೇ

ಶಾಲೆಯ ರಜೆ ಹತ್ತಿರ ಬಂತೆಂದರೆ ನಮ್ಮ ಕುಟುಂಬಗಳ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ: ಈ ಸಲ ಎಲ್ಲಿ ಸೇರುವುದು? ತಮ್ಮ ದುಬೈಯಲ್ಲಿ, ಅಣ್ಣ ದಮಾಮ್‌ನಲ್ಲಿ, ಅಕ್ಕಂದಿರಿಬ್ಬರು ಬೆಂಗಳೂರಿನಲ್ಲಿ, ಉಮ್ಮ ಊರಲ್ಲಿ. ಮಕ್ಕಳು ಮೊಮ್ಮಕ್ಕಳು ಎಲ್ಲ ಸೇರಿದರೆ ಇಪ್ಪತ್ತಕ್ಕೆ ಕಡಿಮೆಯಿಲ್ಲ. ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ತರವಾಡು ಮನೆ ಇತ್ತು, ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಈಗ ಹಲವು ಕಡೆ ಆ ಮನೆ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ, ಕೆಲವು ಕಡೆ ಬೀಗ ಬಿದ್ದು ಹಂಚು ಜಾರುತ್ತಿದೆ. ಹಾಗಾಗಿ ರೆಸಾರ್ಟ್. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಬೆಳಗ್ಗೆ ಬಫೆ, ಮಾಂಸ ಹಲಾಲೋ ಅಲ್ಲವೋ ಎಂದು ಪ್ರತೀ ಊಟಕ್ಕೂ ವಿಚಾರಣೆ. ಎಲ್ಲರನ್ನೂ ಒಟ್ಟಿಗೆ ನೋಡಬೇಕೆಂದು ಬಂದ ಉಮ್ಮ ಮಾತ್ರ ರಾತ್ರಿ ತನ್ನ ಕೋಣೆಯಲ್ಲಿ ಒಬ್ಬರೇ ಟಿವಿ ನೋಡುತ್ತಾ ಕೂತಿರುತ್ತಾರೆ. ಇದಕ್ಕೆ ಅಷ್ಟು ದುಡ್ಡು ಕೊಡಬೇಕಿತ್ತಾ ಮಾರಾಯ್ರೆ ಎಂದು ಬಿಲ್ ಕಟ್ಟುವಾಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ.

ಕೆಲವು ಕುಟುಂಬಗಳಲ್ಲಿ ಈಗ ಬೇರೆ ಮಾತು ಶುರುವಾಗಿದೆ. ಹಳೇ ಮನೆಯನ್ನು ಮಾರುವ ಬದಲು ರಿಪೇರಿ ಮಾಡಿ, ನಮ್ಮ ದಿನಗಳನ್ನು ನಮಗೆ ಇಟ್ಟುಕೊಂಡು ಉಳಿದ ದಿನ ಬೇರೆ ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟರೆ ಹೇಗೆ? ಕೇಳಲಿಕ್ಕೆ ಚಂದ ಉಂಟು. ಮಾಡಲು ಹೊರಟಾಗ ಎಲ್ಲಿ ಗಂಟು ಬೀಳುತ್ತದೆ ಎಂಬುದನ್ನು ನೋಡೋಣ.

ಇದಕ್ಕೆ ನಾವು ಮೈಸೂರನ್ನು ಆರಿಸಿಕೊಳ್ಳಲು ಕಾರಣ ಉಂಟು. ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿ ದಾಟಿದರೆ ಸುಮಾರು 250 ಕಿ.ಮೀ. ಬೆಂಗಳೂರಿನಿಂದ ಸುಮಾರು 145. ಇಲ್ಲಿನವರೂ ಅಲ್ಲಿನವರೂ ಒಂದು ದಿನದೊಳಗೆ ಬಂದು ಮುಟ್ಟುವ ಊರು. ವ್ಯಾಪಾರಕ್ಕೆ ಘಟ್ಟ ಹತ್ತಿದ ನಮ್ಮವರು ಚಿಕ್ಕಮಗಳೂರು, ಕೊಡಗಿನಲ್ಲಿ ನೆಲೆಯಾದಂತೆ ಮೈಸೂರಿನಲ್ಲೂ ಇದ್ದಾರೆ. ಮಕ್ಕಳಿಗೆ 1892ರಲ್ಲಿ ಶುರುವಾದ ಮೃಗಾಲಯ ಉಂಟು (ಮಂಗಳವಾರ ರಜೆ, ಮರೆಯಬೇಡಿ). ಹಿರಿಯರಿಗೆ ಶ್ರೀರಂಗಪಟ್ಟಣದ ಗುಂಬಜ್ ಮತ್ತು ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಹತ್ತಿರ. ಅದಕ್ಕಿಂತ ಮುಖ್ಯ, ಹಳೇ ಕಟ್ಟಡವನ್ನು ತಂಗುವ ಜಾಗವಾಗಿ ಮಾಡುವ ಕೆಲಸ ಈ ಊರಿಗೆ ಹೊಸತಲ್ಲ.

ಬೆಂಗಳೂರಿನಿಂದ ಬರುವ ಎಷ್ಟೋ ರೈಲುಗಳು ಈಗ ಮೈಸೂರು ನಿಲ್ದಾಣಕ್ಕೆ ಮುಗಿಯುವುದಿಲ್ಲ, ಚಾಮರಾಜಪುರಂ ದಾಟಿ ಅಶೋಕಪುರಂವರೆಗೆ ಹೋಗುತ್ತವೆ. ಅಲ್ಲಿ ಇಳಿದರೆ ಅರಮನೆಯ ಮೈಸೂರು ಕಾಣುವುದಿಲ್ಲ. ರೈಲ್ವೆ ವರ್ಕ್‌ಶಾಪಿನ ಮೈಸೂರು ಕಾಣುತ್ತದೆ. ತಲೆಮಾರುಗಳಿಂದ ದಲಿತ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿರುವ ಬಡಾವಣೆ, ಅಂಬೇಡ್ಕರ್ ಹೆಸರಿನ ಪಾರ್ಕು, ಒತ್ತೊತ್ತಾಗಿ ನಿಂತ ಮನೆಗಳು. ಇಂಥ ಬಡಾವಣೆಯ ಹಳೇ ಮನೆ ಯಾವ ಪಾರಂಪರಿಕ ಪಟ್ಟಿಯಲ್ಲೂ ಸಿಗಲಿಕ್ಕಿಲ್ಲ. ಪಟ್ಟಿಯಲ್ಲಿರುವುದು ಹೆಚ್ಚಾಗಿ ಅರಮನೆ, ಕಚೇರಿ, ಕಾಲೇಜು, ಮಾರುಕಟ್ಟೆ. ನಮ್ಮ ಉಳ್ಳಾಲ, ಬಂಟ್ವಾಳ, ಉಪ್ಪಿನಂಗಡಿಯ ತರವಾಡುಗಳ ಕತೆಯೂ ಇದೇ. ಪಟ್ಟಿಯಲ್ಲಿಲ್ಲದ ಮನೆಯನ್ನು ಉಳಿಸಲು ಸರಕಾರ ಬರುವುದಿಲ್ಲ. ಮನೆಯವರು ಉಳಿಸಿದರೆ ಉಂಟು, ಇಲ್ಲದಿದ್ದರೆ ಜೆಸಿಬಿ.

ಹಾಗೆಂದು ಪಟ್ಟಿಯಲ್ಲಿದ್ದರೆ ಸಾಕು ಎಂದಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ 1892ರದ್ದು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು, ಆಗ ಅಲ್ಲಿ ದುರಸ್ತಿ ಕೆಲಸ ನಡೆಯುತ್ತಿತ್ತು. ಎರಡೂ ಮಳೆಗಾಲದಲ್ಲೇ. ಮಕ್ಕಳು ಮಲಗುವ ಸೂರು ಅದು, ಹಳೇ ಮನೆಯ ಮೋಹದಲ್ಲಿ ಇದನ್ನು ಮರೆಯಬಾರದು.

ಮೈಸೂರಿನ ಒಳ್ಳೆಯ ಉದಾಹರಣೆ ಎಂದರೆ ಚಿತ್ತರಂಜನ್ ಪ್ಯಾಲೇಸ್. ರಾಜಕುಮಾರಿಯರಿಗಾಗಿ ಒಡೆಯರ್ ಮನೆತನ ಕಟ್ಟಿಸಿದ್ದು, ಆಮೇಲೆ ಸಿನಿಮಾದವರ ಕೈಯಲ್ಲಿತ್ತು. 1990ರ ದಶಕದಲ್ಲಿ ಹಿಲರಿ ಬ್ಲೂಮ್ ಎಂಬ ಇಂಗ್ಲೆಂಡಿನ ಮಹಿಳೆ ಅದನ್ನು 'ಗ್ರೀನ್ ಹೋಟೆಲ್' ಮಾಡಿದರು. ಲಾಭ ದಾನಕ್ಕೆ ಎಂಬುದು ಅದರ ನಿಯಮ. ಬಿಸಿ ನೀರಿಗೆ ಸೋಲಾರ್, ಅಲ್ಲಿನ ಮಾಲ್ಗುಡಿ ಕಾಫಿ ಅಂಗಡಿಯಲ್ಲಿ ಬೇರೆ ಕಡೆ ಕೆಲಸ ಸಿಗದ ಹಿನ್ನೆಲೆಯ ಮಹಿಳೆಯರಿಗೆ ಕೆಲಸ. ಹಳೇ ಕಟ್ಟಡವನ್ನು ಐಷಾರಾಮಿ ಮಾಡದೆಯೂ ನಡೆಸಬಹುದು ಎಂದು ತೋರಿಸಿದ ಜಾಗ ಅದು.

ಆದರೆ ಅರಮನೆ ಅರಮನೆಯೇ. ನಮಗೆ ಹತ್ತಿರದ ಉದಾಹರಣೆ ಬೇಕೆಂದರೆ ಕಾಸರಗೋಡು ದಾಟಿ ಕಣ್ಣೂರು ಜಿಲ್ಲೆಯ ತಲಶ್ಶೇರಿಗೆ ಹೋಗಬೇಕು. ಅಲ್ಲಿ ಕಡಲಿಗೆ ಮುಖ ಮಾಡಿ 'ಆಯಿಶಾ ಮಂಝಿಲ್' ನಿಂತಿದೆ. 1862ರಲ್ಲಿ ಬ್ರಿಟಿಷ್ ವ್ಯಾಪಾರಿಯೊಬ್ಬ ಕಟ್ಟಿಸಿದ ಮನೆ, 1900ರಲ್ಲಿ ಮಾಪಿಳ್ಳೆ ಕುಟುಂಬವೊಂದು ಕೊಂಡಿತು. ಅದೇ ಕುಟುಂಬದವರು ಅಲ್ಲೇ ಇದ್ದುಕೊಂಡು ಹೋಂಸ್ಟೇ ಮಾಡಿದರು. ಮನೆಯ ಫೈಝಾ ಮೂಸಾ ಅವರ ಕೈಯಡುಗೆ ಆ ಮನೆಗೆ ದೇಶವಿದೇಶದಲ್ಲಿ ಹೆಸರು ತಂದಿತು. ಜನ ಅಷ್ಟು ದೂರದಿಂದ ಬಂದದ್ದು ಒಂದು ಮನೆಯ ಊಟದ ಮೇಜಿಗೆ, ಕಡಲಿನ ನೋಟ ಅದರ ಜೊತೆಗೆ ಸಿಕ್ಕಿದ್ದು. ನಮ್ಮ ಪಿಂಡಿ, ಪತ್ತಿರ್, ನೈ ಅಪ್ಪ ಯಾವುದಕ್ಕೆ ಕಮ್ಮಿ? ಹೊರಗಿನವರಿಗೆ ಅದು ಸಿಗುವ ಜಾಗ ಎಷ್ಟು ಉಂಟು ಹೇಳಿ.

ಹಾಗಾದ್ದರಿಂದ ಮನೆ ರಿಪೇರಿಯ ಮೊದಲ ನಿಯಮ: ದೊಡ್ಡ ಅಡುಗೆಮನೆಯನ್ನೂ ನಡುಮನೆಯನ್ನೂ ಮುಟ್ಟಬೇಡಿ. ಎಂಜಿನಿಯರ್ ಬಂದ ಕೂಡಲೇ ನಡುಮನೆಗೆ ಅಡ್ಡ ಗೋಡೆ ಹಾಕಿ ಎರಡು ರೂಮು ಮಾಡೋಣ, ಬಾಡಿಗೆ ಜಾಸ್ತಿ ಬರುತ್ತದೆ ಎನ್ನುತ್ತಾರೆ. ಹಾಗೆ ಮಾಡಿದರೆ ಅದು ಲಾಡ್ಜ್. ಲಾಡ್ಜ್ ಊರು ತುಂಬ ಉಂಟು. ಇಪ್ಪತ್ತು ಮಂದಿ ಒಂದೇ ಸುಪ್ರಾಕ್ಕೆ ಕೂತುಕೊಳ್ಳುವ ಹಾಲ್, ನಾಲ್ಕು ಹೆಂಗಸರು ಒಟ್ಟಿಗೆ ನಿಂತು ಮಾತಾಡುತ್ತಾ ಅಡುಗೆ ಮಾಡುವಷ್ಟು ಅಗಲದ ಜಾಗ, ಇವೇ ಯಾವ ರೆಸಾರ್ಟಿನಲ್ಲೂ ಸಿಗದ ಸರಕು.

ಹಳೇ ಮೈಸೂರು ಕಡೆಯ ಮನೆಗಳನ್ನು ನೋಡಿದರೆ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಕೋಣೆ. ಸೂರು ಒಂದೋ ಹಂಚು, ಇಲ್ಲ ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಗಾರೆಯಲ್ಲಿ ಕೂರಿಸಿದ ತಾರಸಿ ಅದು. ಹಂಚಿನ ವಿಷಯಕ್ಕೆ ಬಂದರೆ ನಮ್ಮ ಊರಿನದೇ ಹೆಸರು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹಂಚು ಘಟ್ಟ ಹತ್ತಿ ಮೈಸೂರಿನ ಮನೆಗಳ ತಲೆ ಮೇಲೆಯೂ ಕೂತಿತು.

ಇಂಥ ಮನೆಗಳ ದೊಡ್ಡ ಶತ್ರು ಎರಡು: ನೀರು ಮತ್ತು ಸಿಮೆಂಟು. ಗಾರೆ ಗೋಡೆ ಉಸಿರಾಡುತ್ತದೆ, ಹೀರಿದ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಎಳೆದರೆ ತೇವ ಒಳಗೇ ಸಿಕ್ಕಿಬಿದ್ದು ಎರಡು ಮಳೆಗಾಲದಲ್ಲಿ ಗೋಡೆ ಹೊಟ್ಟೆ ಬಿಡುತ್ತದೆ. ಸುಣ್ಣವನ್ನು ವಾರಗಟ್ಟಲೆ ನೆನೆಸಿ, ಮರಳು ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಬೆರೆಸಿ, ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಅರೆದು ಗಾರೆ ಮಾಡುವವರು ಕಡಿಮೆಯಾಗಿದ್ದಾರೆ, ಆದರೆ ಪೂರ್ತಿ ಇಲ್ಲವಾಗಿಲ್ಲ. ಹುಡುಕಬೇಕು, ಕಾಯಬೇಕು. ಬಾತ್‌ರೂಮು ಇನ್ನೊಂದು ತಲೆನೋವು. ಬಾಡಿಗೆಗೆ ಬರುವವರಿಗೆ ಪ್ರತೀ ಕೋಣೆಗೆ ಅಟ್ಯಾಚ್ಡ್ ಬೇಕು. ಮರದ ತೊಲೆಯ ಮಾಳಿಗೆ ಮೇಲೆ ಬಾತ್‌ರೂಮು ಕಟ್ಟಿದರೆ ಕೆಳಗಿನ ತೊಲೆ ಕೊಳೆಯುವುದು ಖಂಡಿತ. ಹಿತ್ತಿಲ ಕಡೆ ಹೊಸದಾಗಿ ಬೇರೆ ತಳಪಾಯ ಹಾಕಿ ಬಾತ್‌ರೂಮುಗಳನ್ನು ಸಾಲಾಗಿ ಕಟ್ಟುವುದೇ ಸರಿ. ಹಳೇ ವೈರಿಂಗ್ ಪೂರ್ತಿ ಕಿತ್ತು ಹಾಕಿ, ಅದರಲ್ಲಿ ಉಳಿತಾಯ ಬೇಡ. ವುಝೂ ಮಾಡಲು ಕೂತುಕೊಳ್ಳುವಂಥ ಕಟ್ಟೆ, ಪಶ್ಚಿಮದಿಂದ ಸ್ವಲ್ಪ ಉತ್ತರಕ್ಕೆ ವಾಲಿದ ಕಿಬ್ಲಾದ ಗುರುತು, ಮೊಣಕಾಲು ನೋವಿನ ಉಮ್ಮಂದಿರಿಗೆ ಕೆಳಗಿನ ಅಂತಸ್ತಿನಲ್ಲೇ ಒಂದು ಕೋಣೆ, ಇಷ್ಟನ್ನು ನಕ್ಷೆಯಲ್ಲೇ ಬರೆಸಿ.

ಇಷ್ಟೆಲ್ಲ ದುಡ್ಡಿದ್ದರೆ ಆಗುವ ಕೆಲಸ. ದುಡ್ಡಿದ್ದರೂ ಆಗದ್ದು ಪಾಲಿನ ವಿಷಯ.

ಒಂದು ಸಾದಾ ಲೆಕ್ಕ ಹಾಕೋಣ. ಉಪ್ಪ ತೀರಿಕೊಂಡರು. ಉಮ್ಮ ಇದ್ದಾರೆ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಮಕ್ಕಳಿರುವುದರಿಂದ ಉಮ್ಮನಿಗೆ ಎಂಟನೇ ಒಂದು ಪಾಲು. ಉಳಿದ ಏಳರಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದು. ಅಂದರೆ ಎಂಟು ಪಾಲಿನಲ್ಲಿ ಉಮ್ಮನಿಗೆ ಒಂದು, ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಕ್ಕಳಿಗೆ ಒಂದೊಂದು. ಈಗ ಕೂಡಿಸಿ ನೋಡಿ. ಉಮ್ಮ ಮತ್ತು ಮೂವರು ಹೆಣ್ಣುಮಕ್ಕಳು ಸೇರಿದರೆ ನಾಲ್ಕು ಪಾಲು. ಅರ್ಧ ಮನೆ ಹೆಂಗಸರದು.

ಹಳೇ ಮನೆ ಏನು ಮಾಡುವುದು ಎಂದು ಚರ್ಚೆ ಆಗುವಾಗ ಆ ಅರ್ಧ ಮನೆಯವರು ಎಲ್ಲಿರುತ್ತಾರೆ? ಬಹಳ ಕಡೆ ಚಾ ಮಾಡುತ್ತಾ ಒಳಗಿರುತ್ತಾರೆ. 'ಅವಳಿಗೆ ಮದುವೆಯಲ್ಲಿ ಕೊಟ್ಟಾಗಿದೆ' ಎಂಬ ಮಾತು ನಾವೆಲ್ಲ ಕೇಳಿದ್ದೇವೆ. ಮದುವೆಯಲ್ಲಿ ಕೊಟ್ಟ ಬಂಗಾರ ಮೀರಾಸಿನ ಪಾಲಲ್ಲ. ಉಪ್ಪ ಬದುಕಿರುವಾಗ ಪ್ರೀತಿಯಿಂದ ಕೊಟ್ಟದ್ದು ಬೇರೆ, ಅವರು ತೀರಿದ ಮೇಲೆ ಅಲ್ಲಾಹು ಗೊತ್ತು ಮಾಡಿದ ಪಾಲು ಬೇರೆ. ರಜೆಯಲ್ಲಿ ಬಂದ ತಂಗಿಯ ಎದುರು ಹಕ್ಕು ಬಿಡುಗಡೆ ಪತ್ರ ಇಟ್ಟು 'ಇಲ್ಲಿ ಒಂದು ಸೈನ್ ಹಾಕು, ನಾಳೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗ್ಲಿಕ್ಕುಂಟು' ಎಂದರೆ ಅವಳು ಸಂಬಂಧ ಕೆಡಬಾರದೆಂದು ಸುಮ್ಮನೆ ಸೈನ್ ಹಾಕಿಯಾಳು. ಅದನ್ನು ಮನಸಾರೆ ಒಪ್ಪಿದ್ದು ಎಂದು ನಾವು ಲೆಕ್ಕ ಹಾಕಬಾರದು. ಕಾನೂನಿನಲ್ಲೂ 1937ರ ಶರೀಅತ್ ಕಾಯ್ದೆ ಬಂದ ಮೇಲೆ, ಪದ್ಧತಿ ಹಾಗಿಲ್ಲ ಎನ್ನುವ ನೆಪ ಮನೆಯ ಪಾಲಿಗೆ ನಡೆಯುವುದಿಲ್ಲ.

ಇನ್ನೊಂದು ಸಂಗತಿ ನಮ್ಮ ಸಮುದಾಯಕ್ಕೇ ಸೇರಿದ್ದು. ಮದುವೆಯಾದ ಮೇಲೆ ಪುದಿಯಾಪ್ಳ ಹೆಣ್ಣಿನ ಮನೆಗೆ ಬಂದು ಇರುವ ವಾಡಿಕೆ ನಮ್ಮಲ್ಲಿ ತುಂಬ ಕಾಲ ಇತ್ತು, ಕೆಲವು ಕಡೆ ಈಗಲೂ ಉಂಟು. ಅವನಿಗೆಂದೇ ಮನೆಯಲ್ಲಿ ಕೋಣೆ ಕಟ್ಟಿಸುತ್ತಿದ್ದರು. ಹಾಗೆ ನೋಡಿದರೆ ಆ ಮನೆಗಳಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಹೆತ್ತು ಸಾಕಿದವರು ಹೆಣ್ಣುಮಕ್ಕಳು. ಗಂಡುಮಕ್ಕಳು ರಾತ್ರಿಯಾದರೆ ಹೆಂಡತಿ ಮನೆಗೆ ಹೋಗುತ್ತಿದ್ದರು. ಆ ಮನೆ ಕೆಡವಿದಾಗ ಮಗನಿಗೆ ಹೋಗುವುದು ಒಂದು ಆಸ್ತಿ, ಮಗಳಿಗೆ ಹೋಗುವುದು ತವರು. ಕುಟುಂಬ ಸೇರಲೆಂದು ಮನೆ ಉಳಿಸುತ್ತೇವೆ ಎನ್ನುವವರು ಮಗಳ ಹೆಸರನ್ನು ಕಾಗದದಿಂದ ತೆಗೆದು ಮನೆ ಉಳಿಸಿದರೆ ಉಳಿದದ್ದು ಗೋಡೆ ಮಾತ್ರ.

ಆದ್ದರಿಂದ ಸುಣ್ಣ ತರಿಸುವ ಮೊದಲು ಎಲ್ಲರ ಪಾಲು ಎಷ್ಟೆಂದು ಬರೆದು, ಖಾತೆಯಲ್ಲಿ ಎಲ್ಲರ ಹೆಸರು ಕೂರಿಸಿ. ಹಿಂದೂ ಅವಿಭಕ್ತ ಕುಟುಂಬದ ಹಾಗೆ ನಮ್ಮಲ್ಲಿ ಒಟ್ಟು ಆಸ್ತಿ ಎಂಬುದಿಲ್ಲ. ಉಪ್ಪ ಕಣ್ಣು ಮುಚ್ಚಿದ ಕ್ಷಣದಿಂದ ಪ್ರತಿಯೊಬ್ಬರ ಪಾಲು ಅವರವರದೇ, ಅವರು ಅದನ್ನು ಯಾರಿಗೂ ಮಾರಬಹುದು. ಅದಕ್ಕೇ ಯಾರಾದರೂ ಪಾಲು ಮಾರುವುದಿದ್ದರೆ ಮೊದಲು ಒಡಹುಟ್ಟಿದವರಿಗೆ ಕೇಳಬೇಕು ಎಂಬ ಷರತ್ತನ್ನು ಕರಾರಿನಲ್ಲಿ ಬರೆಯಿರಿ. ಶುಫ್ಅ ಎಂದರೆ ನಮ್ಮ ಉಸ್ತಾದರಿಗೆ ಬೇರೆ ವಿವರಿಸಬೇಕಾಗಿಲ್ಲ.

ಮನೆಯನ್ನು ವಕ್ಫ್ ಮಾಡಿಬಿಡೋಣ, ಸಂತಾನಕ್ಕೆ ಉಳಿಯಲಿ ಎನ್ನುವ ಹಿರಿಯರೂ ಇದ್ದಾರೆ. ವಕ್ಫ್ ಅಲಲ್ ಔಲಾದ್‌ಗೆ 1913ರ ಕಾಯ್ದೆಯ ಕಾಲದಿಂದ ಮಾನ್ಯತೆ ಉಂಟು. 2025ರ ತಿದ್ದುಪಡಿಯಲ್ಲಿ ಇಂಥ ವಕ್ಫ್‌ನಿಂದ ವಾರಸುದಾರರ, ಅದರಲ್ಲೂ ಹೆಣ್ಣುಮಕ್ಕಳ ಹಕ್ಕು ತಪ್ಪಬಾರದು ಎಂದು ಬರೆಯಲಾಗಿದೆ. ಆದರೆ ಒಮ್ಮೆ ವಕ್ಫ್ ಆದರೆ ಹಿಂದೆ ತೆಗೆದುಕೊಳ್ಳಲಿಕ್ಕಿಲ್ಲ, ನಾಳೆ ಕಷ್ಟಕ್ಕೆ ಮಾರಲಿಕ್ಕಿಲ್ಲ. ಬಾಡಿಗೆ ಮನೆಯ ಪ್ರಯೋಗಕ್ಕೆ ಅದು ಭಾರವಾಗಬಹುದು ಎಂದು ನಮ್ಮ ಅನಿಸಿಕೆ.

ರಿಪೇರಿಯ ದುಡ್ಡು ಯಾರು ಹಾಕುವುದು? ಹೆಚ್ಚಾಗಿ ಗಲ್ಫ್‌ನಲ್ಲಿರುವವನು. ಬಡ್ಡಿ ಸಾಲ ಬೇಡ ಎಂದು ಅವನೇ ಪೂರ್ತಿ ಹಾಕಿದ ಎಂದಿಟ್ಟುಕೊಳ್ಳಿ. ಐದು ವರ್ಷ ಕಳೆದ ಮೇಲೆ 'ಮನೆ ನಿಲ್ಲಿಸಿದ್ದು ನಾನು' ಎನ್ನುತ್ತಾನೆ. ಅಲ್ಲಿಗೆ ಜಗಳ ಶುರು. ಅವನು ಕೊಟ್ಟದ್ದು ಕರ್ಝೋ, ಪಾಲುದಾರಿಕೆಯೋ, ದಾನವೋ? ಮೊದಲ ದಿನವೇ ಬರೆದಿಡಬೇಕು. ಕರ್ಝ್ ಆದರೆ ಬಾಡಿಗೆಯಲ್ಲಿ ಮೊದಲು ಅವನ ಅಸಲು ತೀರಲಿ, ಆಮೇಲೆ ಎಂಟು ಪಾಲು. ಕೊಡುಕೊಳ್ಳುವುದನ್ನು ಬರೆದಿಡಿ ಎಂದು ಹೇಳಲು ಕುರ್‌ಆನಿನ ಅತಿ ಉದ್ದದ ಆಯತ್ತೇ ಉಂಟು, ಅಲ್ ಬಕರಾದ 282ನೆಯದು. ಒಡಹುಟ್ಟಿದವರ ನಡುವೆ ಕಾಗದ ಯಾಕೆ ಎನ್ನುವವರು ಅದನ್ನೊಮ್ಮೆ ಅರ್ಥ ಸಹಿತ ಓದಬೇಕು.

ಲಾಭದ ಬಗ್ಗೆ ಕನಸು ಬೇಡ. ಉದಾಹರಣೆಗೆ ಪೂರ್ತಿ ಮನೆಗೆ ಒಂದು ರಾತ್ರಿಗೆ 12,000 ರೂಪಾಯಿ, ವರ್ಷಕ್ಕೆ 60 ರಾತ್ರಿ ಬಾಡಿಗೆ ಹೋಯಿತು ಎನ್ನೋಣ. 7.2 ಲಕ್ಷ ಬಂತು. ನೋಡಿಕೊಳ್ಳುವವರಿಗೆ ತಿಂಗಳಿಗೆ 15,000 ಎಂದರೂ 1.8 ಲಕ್ಷ. ಕರೆಂಟು, ನೀರು, ತೆರಿಗೆಗೆ ಒಂದು ಲಕ್ಷ. ಬೆಡ್‌ಶೀಟ್ ಒಗೆತ, ಗ್ಯಾಸ್, ಕ್ಲೀನಿಂಗಿಗೆ ದಿನಕ್ಕೆ 1,500 ಇಟ್ಟರೆ 90 ಸಾವಿರ. ಸೂರು, ಗೋಡೆಯ ರಿಪೇರಿಗೆ ಪ್ರತೀ ವರ್ಷ ಒಂದು ಲಕ್ಷ ಎತ್ತಿಡಲೇಬೇಕು. ಉಳಿಯುವುದು ಎರಡೂವರೆ ಲಕ್ಷ. ಎಂಟು ಪಾಲು ಮಾಡಿದರೆ ಒಂದಕ್ಕೆ 31,250. ಇದರಲ್ಲಿ ಯಾರೂ ಶ್ರೀಮಂತರಾಗುವುದಿಲ್ಲ. ಮನೆ ತನ್ನ ಖರ್ಚನ್ನು ತಾನೇ ದುಡಿದುಕೊಂಡು ನಿಂತಿರುತ್ತದೆ, ಪೆರ್ನಾಲಿಗೂ ದೊಡ್ಡ ರಜೆಗೂ ಮನೆಯವರಿಗೆ ಬಾಗಿಲು ತೆರೆದಿರುತ್ತದೆ. ಆ ದಿನಗಳನ್ನು ವರ್ಷದ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಎಷ್ಟು ದೊಡ್ಡ ಗಿರಾಕಿ ಬಂದರೂ ಕೊಡಬೇಡಿ.

ಸರಕಾರಿ ಕಾಗದದ ವಿಷಯ ಚುಟುಕಾಗಿ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ಯೋಜನೆಯಲ್ಲಿ ಒಂದರಿಂದ ಆರು ಕೋಣೆ, ಹೆಚ್ಚೆಂದರೆ 12 ಹಾಸಿಗೆ, ಮಾಲೀಕರ ಕುಟುಂಬ ಅಲ್ಲೇ ವಾಸ ಇರಬೇಕು. ಎಲ್ಲರೂ ಹೊರಗಿದ್ದು ಮನೆ ಬರೀ ಬಾಡಿಗೆಗೆ ಎಂದಾದರೆ ಅದು ಹೋಂಸ್ಟೇ ಆಗ್ಲಿಕ್ಕಿಲ್ಲ. ಪಾಲಿಕೆಯ ಟ್ರೇಡ್ ಲೈಸೆನ್ಸ್, ವಾಣಿಜ್ಯ ಬಳಕೆಯ ತೆರಿಗೆ ಎಲ್ಲ ನೋಡಬೇಕಾಗುತ್ತದೆ. ವಿದೇಶಿ ಪಾಸ್‌ಪೋರ್ಟಿನವರು ಉಳಿದರೆ 24 ಗಂಟೆಯೊಳಗೆ ಅವರ ವಿವರ ಸಲ್ಲಿಸಬೇಕು, ಅವರು ಸ್ವಂತ ಅಳಿಯನೇ ಆದರೂ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಜಿಲ್ಲಾ ಪ್ರವಾಸೋದ್ಯಮ ಕಚೇರಿಯಲ್ಲಿ ಒಮ್ಮೆ ಕೇಳಿಯೇ ಮುಂದುವರಿಯಿರಿ.

ಮತ್ತೆ ಅಶೋಕಪುರಂಗೆ ಬರೋಣ. ಅಂಥ ಬೀದಿಯಲ್ಲಿ ಬಾಡಿಗೆ ಮನೆ ಮಾಡುವವರು ಅಕ್ಕಪಕ್ಕದವರ ಬಾಗಿಲಿಗೆ ಮೊದಲು ಹೋಗಬೇಕು. ಮೂರು ಇನ್ನೋವಾ ಬಂದು ಅಡ್ಡ ನಿಂತರೆ ಇಡೀ ಬೀದಿಗೆ ದಾರಿ ಇಲ್ಲ. ರಾತ್ರಿ ಹನ್ನೊಂದಕ್ಕೆ ಮಕ್ಕಳ ಗಲಾಟೆ, ಮೂರು ದಿನಕ್ಕೊಮ್ಮೆ ಹೊಸ ಮುಖ, ಇದನ್ನೆಲ್ಲ ಸಹಿಸುವವರು ಪಕ್ಕದ ಮನೆಯವರು. ನೋಡಿಕೊಳ್ಳುವ ಕೆಲಸ, ಅಡುಗೆಯ ಸಹಾಯ, ಒಗೆತ, ಆಟೋ ಇವೆಲ್ಲ ಆ ಬೀದಿಯವರಿಗೇ ಸಿಗಲಿ.

ಇದನ್ನು ಹೇಳಲು ಇನ್ನೊಂದು ಕಾರಣ ಉಂಟು. ಆ್ಯಪಿನಲ್ಲಿ ಮನೆ ಖಾಲಿ ಎಂದು ತೋರಿಸಿ, ನಮ್ಮ ಹೆಸರು ಕಳಿಸಿದ ಮೇಲೆ 'ಸಾರಿ, ಆ ದಿನ ಬುಕ್ ಆಗಿದೆ' ಎಂಬ ಉತ್ತರ ಬಂದ ಅನುಭವ ನಮ್ಮಲ್ಲಿ ಹಲವರಿಗೆ ಉಂಟು. ನಾನ್‌ವೆಜ್ ಮಾಡುತ್ತೀರಾ ಎಂದು ಕೇಳುವುದು ಸಲೀಸಾದ ದಾರಿ. ಬಾಡಿಗೆಗೆ ಮನೆ ಹುಡುಕುವಾಗ ಜಾತಿ ಕೇಳಿಸಿಕೊಂಡು ಹಿಂದೆ ಬಂದವರು ಅಶೋಕಪುರಂನ ಜನರಂಥವರೂ ಹೌದು. ನಾವು ಒಂದು ಮನೆಯನ್ನು ಕುಟುಂಬಗಳಿಗೆಂದು ತೆರೆದರೆ ಅದರ ಬುಕ್ಕಿಂಗ್ ಫಾರ್ಮಿನಲ್ಲಿ 'ನಮ್ಮವರಿಗೆ ಮಾತ್ರ' ಎಂಬ ಸಾಲು ಇರಕೂಡದು. ಮದ್ಯ ಇಲ್ಲ, ಹಂದಿ ಮಾಂಸ ಇಲ್ಲ ಎಂಬ ಮನೆಯ ಕ್ರಮವನ್ನು ಮೊದಲೇ ಹೇಳಿ, ಒಪ್ಪಿದ ಯಾವ ಕುಟುಂಬ ಬಂದರೂ ಬೀಗದ ಕೈ ಕೊಡಬೇಕು. ಪಕ್ಕದ ಮನೆಯವರ ಮಗಳ ಮದುವೆಗೆ ನೆಂಟರು ಉಳಿಯಲು ಜಾಗ ಬೇಕೆಂದರೆ ಮೊದಲು ಅವರಿಗೆ.

ಶುರು ಮಾಡುವವರಿಗೆ ಕಾಲದ ಲೆಕ್ಕ ಗೊತ್ತಿರಬೇಕು. ಗಾರೆ ಮಳೆಯಲ್ಲಿ ಒಣಗುವುದಿಲ್ಲ. ಮಳೆ ನಿಂತ ಮೇಲೆ, ನವೆಂಬರ್ ಹೊತ್ತಿಗೆ ಸೂರಿನ ಕೆಲಸ ಹಿಡಿದರೆ ಮೇ ಒಳಗೆ ಮುಚ್ಚಬಹುದು. ಪಾಲಿನ ಕಾಗದಕ್ಕೆ ಅದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ, ಅದು ಮಳೆಗಾಲದಲ್ಲೇ ಆಗಲಿ. ಎಂಜಿನಿಯರ್‌ಗೆ ಮನೆ ತೋರಿಸುವ ಮೊದಲು ಜೋರು ಮಳೆಯ ದಿನ ಅಕ್ಕತಂಗಿಯರನ್ನೂ ಕರೆದುಕೊಂಡು ಹೋಗಿ ಒಳಗೆ ಸ್ವಲ್ಪ ಹೊತ್ತು ಕೂತು ಬನ್ನಿ. ಎಲ್ಲೆಲ್ಲಿ ಸೋರುತ್ತದೆ ಎಂದು ಬಿಸಿಲಿನಲ್ಲಿ ಗೊತ್ತಾಗ್ಲಿಕ್ಕಿಲ್ಲ.